‘ಚೆಮ್ಮೀನ್’ ಕಾದಂಬರಿ, ‘ಚೆಮ್ಮೀನ್’ ಸಿನಿಮಾ: ಚಿತ್ರಕಥೆ ಕಮ್ಮಟದಲ್ಲಿ ಹೇಗೆ ಬಳಸುವುದು?

ಓದುಗೂಡು ಕೇಳಿದ್ದು

ಎರಡು ದಿನದ ಚಿತ್ರಕಥೆ ಕಮ್ಮಟಕ್ಕೆ ತಕಳಿ ಶಿವಶಂಕರ ಪಿಳ್ಳೈ ಅವರ ‘ಚೆಮ್ಮೀನ್’ (1956) ಮತ್ತು ರಾಮು ಕಾರ್ಯಾಟ್ ನಿರ್ದೇಶಿಸಿದ ಅದೇ ಹೆಸರಿನ ಚಿತ್ರ (1965) ಎಂದು ಗೊತ್ತು ಮಾಡಿದ್ದೇವೆ. 14 ಜನ ಬರುತ್ತಾರೆ. ಇಬ್ಬರನ್ನು ಬಿಟ್ಟರೆ ಯಾರಿಗೂ ಮಲಯಾಳ ಬಾರದು. ನಿಷಿದ್ಧ ಪ್ರೇಮದ ಕಥೆಯನ್ನು ಪುಟದಿಂದ ತೆರೆಗೆ ತರುವಾಗ ಏನೇನು ಕೆಲಸ ಬೀಳುತ್ತದೆ ಅನ್ನುವುದನ್ನು ಕೈಯಾರೆ ಮಾಡಿಸಿ ಕಲಿಸಬೇಕು ಅನ್ನುವುದು ಉದ್ದೇಶ.

ಕೇಳಬೇಕಾದ್ದು ಇಷ್ಟು. ಮೊದಲು ಓದಿಸಬೇಕೋ, ತೋರಿಸಬೇಕೋ? ಕಾದಂಬರಿಯಲ್ಲಿ ಯಾವುದರ ಮೇಲೆ ಕಣ್ಣಿಡಬೇಕು? ಹಾಡುಗಳನ್ನು ಏನು ಮಾಡುವುದು, ಹಾರಿಸಬಹುದೇ? ಕೊನೆಗೆ ಒಂದು ತಕರಾರು: “ಹಿಂದೂ ಹುಡುಗಿ, ಮುಸ್ಲಿಂ ಹುಡುಗ, ಕಡೆಗೆ ಇಬ್ಬರೂ ಸಾಯುತ್ತಾರೆ, ಇದರಲ್ಲಿ ಚಿತ್ರಕಥೆಗಾರ ಕಲಿಯುವುದೇನು” ಎಂದು ತಂಡದಲ್ಲೇ ಒಬ್ಬರು ಕೇಳುತ್ತಿದ್ದಾರೆ. ಉತ್ತರ ಬೇಕು.

ಕರಡುಪ್ರತಿ

ತಕರಾರಿನಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಕಾದಂಬರಿಯ ಮೊದಲ ಪುಟ ತೆಗೆದು ನೋಡಲಿ. ಪ್ರೇಮಿಗಳ ಮೊದಲ ಮಾತು ಪ್ರೇಮದ್ದಲ್ಲ, ವ್ಯಾಪಾರದ್ದು. ನಮ್ಮಪ್ಪ ದೋಣಿ ಮತ್ತು ಬಲೆ ಕೊಳ್ಳುತ್ತಾನೆ ಎನ್ನುತ್ತಾಳೆ ಮೀನುಗಾರರ ಹುಡುಗಿ ಕರುತ್ತಮ್ಮ. ನಿನ್ನ ಅದೃಷ್ಟ ಎನ್ನುತ್ತಾನೆ ಮೀನು ವ್ಯಾಪಾರಿ ಪರೀಕುಟ್ಟಿ. ಕೈಯಲ್ಲಿ ಸಾಕಷ್ಟು ದುಡ್ಡಿಲ್ಲ, ಕೊಡುತ್ತೀಯಾ? ಮೀನು ನನಗೇ ಮಾರುತ್ತೀರಾ? ಒಳ್ಳೆ ಬೆಲೆ ಕೊಟ್ಟರೆ ಮಾರುತ್ತೇವೆ. ಆಮೇಲೆ ಇಬ್ಬರಿಗೂ ತಡೆಯಲಾರದಷ್ಟು ನಗು. ಇಡೀ ಕಥೆ ಈ ನಗುವಿನ ಕೆಳಗೆ ಅವಿತಿದೆ. ಮುಂದೆ ಅವಳಪ್ಪ ಚೆಂಬನ್‌ಕುಂಞು ಇದೇ ಹುಡುಗನ ಹತ್ತಿರ ನಿಜವಾಗಿಯೂ ಸಾಲ ಎತ್ತುತ್ತಾನೆ, ದೋಣಿ ಬಲೆ ಎರಡೂ ಬರುತ್ತವೆ. ಮೀನು ಮಾತ್ರ ಪರೀಕುಟ್ಟಿಗೆ ಬರುವುದಿಲ್ಲ, ದುಡ್ಡೂ ವಾಪಸಾಗುವುದಿಲ್ಲ. ಹುಡುಗನ ಅಂಗಡಿ ಮುಳುಗುತ್ತದೆ.

ಅಂದರೆ ಕರುತ್ತಮ್ಮ ಪ್ರೀತಿಸುತ್ತಿರುವುದು ತನ್ನಪ್ಪನಿಗೆ ಸಾಲ ಕೊಟ್ಟು ಮೋಸಹೋದವನನ್ನು. ಧರ್ಮ ಬೇರೆ ಅನ್ನುವುದು ಬೇಲಿ, ಅದು ಮೊದಲಿನಿಂದಲೂ ನಿಂತಲ್ಲೇ ನಿಂತಿದೆ. ಚಿತ್ರಕಥೆಗೆ ಬೇಲಿಯೊಂದೇ ಸಾಲದು, ದಿನದಿನಕ್ಕೆ ಬಿಗಿಯುವ ಹಗ್ಗ ಬೇಕು. ಸಾಲ ಆ ಹಗ್ಗ. ಮದುವೆಗೆ ಮುಂಚೆ ಆ ಸಾಲ ತೀರಲಿ ಎಂದು ಅವಳು ಚಡಪಡಿಸುವುದು ನೋಡಿ. ತೀರಿದರೆ ಅವಳಿಗೆ ಬಿಡುಗಡೆ. ತೀರಲಿಲ್ಲ, ಹಾಗಾಗಿ ಗಂಡ ಪಳನಿಯ ಮನೆ ಸೇರಿದ ಮೇಲೂ ಪರೀಕುಟ್ಟಿ ಅವಳ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿಯುತ್ತಾನೆ.

ಕಮ್ಮಟದಲ್ಲಿ ಹೀಗೆ ಮಾಡಿಸಿ. ಎಲ್ಲರ ಕೈಗೂ ಮೂರು ಬಣ್ಣದ ಪೆನ್ಸಿಲ್. ದೋಣಿ, ಬಲೆ, ದುಡ್ಡು, ಮೀನಿನ ಬೆಲೆ ಬಂದಲ್ಲೆಲ್ಲ ನೀಲಿ. ಕರುತ್ತಮ್ಮ ಮತ್ತು ಪರೀಕುಟ್ಟಿ ಒಬ್ಬರನ್ನೊಬ್ಬರು ನೋಡಿದಲ್ಲಿ, ನೆನೆದಲ್ಲಿ ಕೆಂಪು. ಕಡಲಮ್ಮ (ಮೀನುಗಾರರ ಕಡಲದೇವಿ), ದಡದ ಕಟ್ಟಳೆ (ಹೆಂಡತಿ ನಡತೆ ತಪ್ಪಿದರೆ ಕಡಲಿಗೆ ಹೋದ ಗಂಡ ಉಳಿಯುವುದಿಲ್ಲ ಎಂಬ ನಂಬಿಕೆ), ‘ಮರ್ಯಾದೆ’ ಬಂದಲ್ಲಿ ಹಸಿರು. ಮೊದಲ ಅಧ್ಯಾಯ, ಸಾಲ ಎತ್ತುವ ಭಾಗ, ಮದುವೆ, ಕೊನೆಯ ಅಧ್ಯಾಯ, ಈ ನಾಲ್ಕಕ್ಕೆ ಮಾಡಿದರೂ ಸಾಕು. ಕೆಂಪು ಎಲ್ಲೂ ಒಂಟಿಯಾಗಿ ನಿಲ್ಲುವುದಿಲ್ಲ. ಪಕ್ಕದಲ್ಲೇ ನೀಲಿ, ಇಲ್ಲವೇ ಹಸಿರು. ನಿಮ್ಮ ತಂಡದವರ ತಕರಾರಿಗೆ ಬಾಯಲ್ಲಿ ಉತ್ತರ ಕೊಡುವುದಕ್ಕಿಂತ ಈ ಹಾಳೆ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪು: ಕಥೆ ಉದ್ದವಾಯಿತು ಎಂದು ಮೊದಲು ಕತ್ತರಿಸುವುದು ಪಾಪ್ಪಿಕುಂಞು ಪ್ರಸಂಗವನ್ನು. ಯಾರಿಂದ ದೋಣಿ ಕೊಂಡನೋ ಆ ಕಂಡನ್‌ಕೋರನ್ ಸತ್ತ ಮೇಲೆ ಅವನ ವಿಧವೆಯನ್ನೇ ಚೆಂಬನ್‌ಕುಂಞು ಮದುವೆಯಾಗುವ ಭಾಗ ಅದು. ‘ಉಪಕಥೆ’ ಎಂದು ತೆಗೆದು ಹಾಕಿದರೆ ಮೂರು ಕಡೆ ಮುರಿಯುತ್ತದೆ. ಒಂದು, ದಡದ ಕಟ್ಟಳೆಯೆಲ್ಲ ಹೆಣ್ಣಿಗೆ ಮಾತ್ರ, ದುಡ್ಡಿರುವ ಗಂಡಸು ಬಯಸಿದ್ದನ್ನು ಮನೆಗೆ ತರಬಹುದು ಅನ್ನುವ ಎದುರುಕನ್ನಡಿ ಹೋಗುತ್ತದೆ. ಎರಡು, ತಂಗಿ ಪಂಚಮಿ ಮನೆ ಬಿಟ್ಟು ಅಕ್ಕನ ಹತ್ತಿರ ಓಡುವುದಕ್ಕೆ ಕಾರಣ ಇಲ್ಲವಾಗುತ್ತದೆ. ಮೂರು, ಪಂಚಮಿ ಬರದಿದ್ದರೆ, ಕರುತ್ತಮ್ಮ ಪರೀಕುಟ್ಟಿಯನ್ನು ಸೇರಲು ಹೋಗುವ ಕೊನೆಯ ರಾತ್ರಿ ಅವಳ ಮಗುವನ್ನು ನೋಡಿಕೊಳ್ಳುವವರು ಯಾರು? ದಡದಲ್ಲಿ ಮಗುವನ್ನು ಹೊತ್ತು ಪಂಚಮಿ ನಿಲ್ಲುವ ಚಿತ್ರವೇ ಸಿಗುವುದಿಲ್ಲ. ಕಾದಂಬರಿಯಲ್ಲಿ ಸಡಿಲವಾಗಿ ಕಾಣುವ ದಾರವನ್ನು ಎಳೆಯುವ ಮುಂಚೆ ಅದು ಇನ್ನೆಲ್ಲಿ ಹೊಲಿದಿದೆ ಎಂದು ಹಿಂದುಗಡೆ ತಿರುಗಿಸಿ ನೋಡಬೇಕು, ಇದೇ ಇಲ್ಲಿಯ ಪಾಠ.

ಓದಿಸುವುದೋ ತೋರಿಸುವುದೋ ಅಂದಿರಿ. ಮೊದಲ ಅಧ್ಯಾಯ ಮಾತ್ರ ಓದಿಸಿ, ನಂತರ ಸಿನಿಮಾ, ನಂತರ ಉಳಿದ ಆಯ್ದ ಭಾಗಗಳು. ಇಡೀ ಕಾದಂಬರಿ ಮೊದಲೇ ಓದಿ ಬಂದವರು ಸಿನಿಮಾದಲ್ಲಿ ‘ಇದು ಬಿಟ್ಟಿದ್ದಾರೆ, ಅದು ಬಿಟ್ಟಿದ್ದಾರೆ’ ಎಂದು ಪಟ್ಟಿ ಮಾಡುತ್ತಾ ಕೂರುತ್ತಾರೆ, ಚಿತ್ರ ಏನು ಮಾಡಿದೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಮಲಯಾಳ ಬಾರದವರಿಗೆ ಇಂಗ್ಲಿಷಿನಲ್ಲಿರುವ ಅನುವಾದಗಳಲ್ಲಿ ಎರಡನ್ನು ಹೇಳುತ್ತೇನೆ: ನಾರಾಯಣ ಮೆನನ್ ಅವರದು 1962ರದ್ದು, ಅನಿತಾ ನಾಯರ್ ಅವರದು 2011ರದ್ದು. ಮೊದಲ ಪುಟದ ಆ ಸಂಭಾಷಣೆಯನ್ನು ಎರಡರಿಂದಲೂ ತೆಗೆದು ಅಕ್ಕಪಕ್ಕ ಇಡಿ. ನಗು ಯಾವುದರಲ್ಲಿ ಹೆಚ್ಚು ಕೇಳಿಸುತ್ತದೆ ಎಂದು ಅವರೇ ಹೇಳಲಿ.

ಬೆಳಕುತೂಗು

ಸಾಲದ ಮಾತು ಒಪ್ಪಿದೆ. ಆದರೆ ಕಾರ್ಯಾಟ್ ಮತ್ತು ಚಿತ್ರಕಥೆ ಬರೆದ ಎಸ್.ಎಲ್.ಪುರಂ ಸದಾನಂದನ್ ಇಬ್ಬರೇ ಸೇರಿ ಈ ಸಿನಿಮಾ ಮಾಡಲಿಲ್ಲ. ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿ, ‘ಮಾಯಾಬಜಾರ್’ (1957) ಚಿತ್ರೀಕರಿಸಿದವರು. ಸಂಕಲನದಲ್ಲಿ ಹೃಷಿಕೇಶ್ ಮುಖರ್ಜಿ. ಸಂಗೀತ ಸಲಿಲ್ ಚೌಧುರಿ. ಮದ್ರಾಸು, ಬಂಗಾಳ, ಬೊಂಬಾಯಿಯ ಕೈಗಳು ಕೇರಳದ ಮರಳಿನ ಮೇಲೆ. ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1957ರಲ್ಲಿ. ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ, ದಕ್ಷಿಣದ ಚಿತ್ರವೊಂದಕ್ಕೆ ಅದೇ ಮೊದಲು. ನಮ್ಮ ‘ಸಂಸ್ಕಾರ’ಕ್ಕೆ ಆ ಸರದಿ ಬಂದದ್ದು 1970ರ ಚಿತ್ರವಾಗಿ.

ತರಗತಿಯಲ್ಲಿ ಮೊದಲು ಗಮನ ಸೆಳೆಯಬೇಕಾದ್ದು ದಿಕ್ಕು. ಇದು ಪಡುವಣ ಕಡಲು. ಸೂರ್ಯ ನೆಲದ ಕಡೆಯಿಂದ ಹುಟ್ಟಿ ನೀರಿನಲ್ಲಿ ಮುಳುಗುತ್ತಾನೆ. ಬೆಳಿಗ್ಗೆ ಕಡಲಿನತ್ತ ಕ್ಯಾಮೆರಾ ಇಟ್ಟರೆ ಬೆಳಕು ಕ್ಯಾಮೆರಾದ ಬೆನ್ನಿನಿಂದ ಬರುತ್ತದೆ, ನೀರು ನೀಲಿ, ಬಣ್ಣ ಗಟ್ಟಿ. ಮಧ್ಯಾಹ್ನ ಮೂರರ ಮೇಲೆ ಅದೇ ಜಾಗದಲ್ಲಿ ಕಡಲಿನತ್ತ ಇಟ್ಟರೆ ಎದುರುಬೆಳಕು, ನೀರು ತಗಡಿನಂತೆ ಹೊಳೆಯುತ್ತದೆ, ಮನುಷ್ಯರು ಕಪ್ಪು ಆಕಾರ. ಹೆಂಡತಿ ಪಡುವಣಕ್ಕೆ ಮುಖ ಮಾಡಿ ಗಂಡನಿಗಾಗಿ ಪ್ರಾರ್ಥಿಸುವುದು ಈ ಕಥೆಯ ಮೂಲ ಭಂಗಿ. ಸಂಜೆ ಅವಳ ಮುಖದ ಮೇಲೆ ಬೆಳಕಿರುತ್ತದೆ, ಅವಳು ನೋಡುತ್ತಿರುವ ದೋಣಿ ಕಪ್ಪು ಚುಕ್ಕೆಯಾಗಿರುತ್ತದೆ. ಕಾದಂಬರಿಯ ನಂಬಿಕೆಯೇ ಛಾಯಾಗ್ರಾಹಕನಿಗೆ ಬೆಳಕಿನ ನಕ್ಷೆ ಕೊಟ್ಟುಬಿಟ್ಟಿದೆ. (ಪಡುವಣ ಕರಾವಳಿಯ ಕಥೆಗೆ ಪೂರ್ವ ಕರಾವಳಿಯಲ್ಲಿ ಚಿತ್ರೀಕರಿಸಿ, ಕಡಲಿನಿಂದ ಸೂರ್ಯ ಹುಟ್ಟಿಸುವವರು ಇದನ್ನು ಗಮನಿಸಬೇಕು.)

ಎರಡನೆಯದು ಫಿಲ್ಮು. ಆ ಕಾಲದ ಈಸ್ಟ್‌ಮನ್‌ಕಲರ್ ನೆಗೆಟಿವ್‌ನ ವೇಗ, ಅಂದರೆ ಬೆಳಕು ಹಿಡಿಯುವ ಚುರುಕು, 50 ಎಎಸ್‌ಎ ಆಸುಪಾಸು, ಅದೂ ಟಂಗ್‌ಸ್ಟನ್ ದೀಪಕ್ಕೆ. ಬಿಸಿಲಿನಲ್ಲಿ 85 ನಂಬರ್ ಫಿಲ್ಟರ್ ಹಾಕಿದರೆ 32ಕ್ಕೆ ಇಳಿಯುತ್ತದೆ. ಬಿರುಬಿಸಿಲಿನ ಮರಳಿನಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡಿಸುವಾಗ ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಹೆಚ್ಚಿದಷ್ಟು ಕಿರಿದು) ಎಫ್ 11ರಿಂದ ಎಫ್ 16. ಇದರಿಂದ ಆಗುವುದೇನು? ಹತ್ತಿರದ ಮುಖ, ಹಿಂದಿನ ದೋಣಿ, ದೂರದ ಅಲೆ ಎಲ್ಲವೂ ಒಟ್ಟಿಗೆ ಚೂಪು. ಪ್ರೇಮಿಗಳನ್ನು ಮಾತ್ರ ಚೂಪಾಗಿಟ್ಟು ಊರನ್ನು ಮಸುಕು ಮಾಡುವ ಈಗಿನ ಸುಲಭ ದಾರಿ ಅವರಿಗೆ ಇರಲಿಲ್ಲ. ಇಬ್ಬರೇ ಮಾತಾಡುತ್ತಿದ್ದರೂ ಹಿಂದೆ ದಡ ಕಣ್ಣು ಬಿಟ್ಟುಕೊಂಡು ನಿಂತಿರುತ್ತದೆ. ನಿಷಿದ್ಧ ಪ್ರೇಮಕ್ಕೆ ಇದು ವರವೇ. ಇಂದಿನ ಕ್ಯಾಮೆರಾದಲ್ಲಿ ಎಫ್ 1.8 ಇಟ್ಟು ಬೀಚಿನ ಪ್ರೇಮ ಚಿತ್ರೀಕರಿಸುವವರು ಊರನ್ನೇ ಅಳಿಸಿ, ಆಮೇಲೆ ಊರಿನ ಭಯ ಕಾಣಲಿಲ್ಲ ಎಂದು ಸಂಭಾಷಣೆಯಲ್ಲಿ ತುಂಬಿಸುತ್ತಾರೆ.

ಅಷ್ಟು ನಿಧಾನದ ಫಿಲ್ಮಿಗೆ ಬೆಳದಿಂಗಳು ಕಾಣುವುದೇ ಇಲ್ಲ. ಆ ಕಾಲದ ರೂಢಿ ಹಗಲಲ್ಲೇ ರಾತ್ರಿ ತೆಗೆಯುವುದು: ಒಂದೂವರೆಯಿಂದ ಎರಡು ಸ್ಟಾಪ್ ಕಡಿಮೆ ಬೆಳಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ಸಾಧ್ಯವಾದಷ್ಟು ಎದುರುಬೆಳಕು, ಚೌಕಟ್ಟಿನಲ್ಲಿ ಆಕಾಶ ಕಡಿಮೆ. ರಾತ್ರಿಯ ದೃಶ್ಯ ಬಂದಾಗ ನಿಮ್ಮವರಿಗೆ ಎರಡೇ ಕೆಲಸ ಕೊಡಿ. ಆಕಾಶ ಎಷ್ಟಿದೆ, ನೆರಳು ಯಾವ ಕಡೆ ಬಿದ್ದಿದೆ? ಎಲ್ಲಿ ಹಗಲು, ಎಲ್ಲಿ ದೀಪ ಎಂದು ಅವರೇ ಕಂಡುಹಿಡಿಯುತ್ತಾರೆ.

ಜಾಗದ ವಿಷಯ ಒಂದಿದೆ. ಕಾದಂಬರಿಯ ಕಡಲು ಆಲಪ್ಪುಳದ ಪುರಕ್ಕಾಡ್ ಕಡೆಯದು. ಚಿತ್ರ ಬಹುಪಾಲು ತೆಗೆದದ್ದು ತೃಶ್ಶೂರು ಜಿಲ್ಲೆಯ ನಾಟ್ಟಿಕದಲ್ಲಿ. ಯಾಕೆ ಮುಖ್ಯ ಅಂದರೆ ‘ಚಾಕರ’. ಮುಂಗಾರಿನಲ್ಲಿ ಕಡಲೆಲ್ಲ ಕುದಿಯುತ್ತಿದ್ದಾಗ ಆಲಪ್ಪುಳ ತೀರದ ಕೆಲವು ಕಡೆ ತಳದ ನುಣುಪು ಕೆಸರು ನೀರಿನಲ್ಲಿ ಕದಡಿ ನಿಂತು ಅಲೆಯ ಬಲವನ್ನು ನುಂಗಿಬಿಡುತ್ತದೆ. ಅಷ್ಟು ಜಾಗ ಕೆರೆಯಂತೆ ಶಾಂತ, ಮೀನು ರಾಶಿ, ಸುತ್ತಲಿನ ಊರುಗಳ ದೋಣಿಯೆಲ್ಲ ಅಲ್ಲಿಗೇ. ಕಾದಂಬರಿಯಲ್ಲಿ ಹಣ ಕೈಬದಲಾಗುವ ಕಾಲ ಅದು. ಚಾಕರ ಅಂದರೆ ಬರೀ ‘ಮೀನಿನ ಸುಗ್ಗಿ’ ಎಂದು ಅನುವಾದಿಸಿ ಮುಂದೆ ಹೋದರೆ ಈ ಶಾಂತ ನೀರು ತಪ್ಪಿಹೋಗುತ್ತದೆ. ಕೊನೆಯಲ್ಲಿ ಪಳನಿಯನ್ನು ನುಂಗುವ ಸುಳಿಗೆ ಇದೇ ಎದುರುಜೋಡಿ.

ಕಮ್ಮಟದವರು ಬೀಚಿನಲ್ಲಿ ಅಭ್ಯಾಸದ ದೃಶ್ಯ ತೆಗೆಯುವುದಾದರೆ ಸದ್ದಿನ ಬಗ್ಗೆ ಎಚ್ಚರ. ಅಲೆ ಪ್ರತಿ ಶಾಟ್‌ನಲ್ಲೂ ಬೇರೆ ಹೊತ್ತಿಗೆ ಬಡಿಯುತ್ತದೆ, ಜೋಡಿಸಿದಾಗ ಪ್ರತಿ ಕಟ್‌ನಲ್ಲೂ ಸದ್ದು ಎಗರುತ್ತದೆ. ಕಾಲರ್ ಮೈಕಿಗೆ ತುಪ್ಪಟದ ಗಾಳಿತಡೆ ಹಾಕಿ, ಮಾತಾಡುವವರ ಬೆನ್ನು ಕಡಲಿಗಿರಲಿ, ಮೈಯೇ ತಡೆಯಾಗುತ್ತದೆ. ನೀರಿನಂಚು, 20 ಮೀಟರ್, 60 ಮೀಟರ್, ಈ ಮೂರು ದೂರದಲ್ಲಿ ತಲಾ ಮೂರು ನಿಮಿಷ ಬರೀ ಕಡಲಿನ ಸದ್ದು ಬೇರೆಯಾಗಿ ಹಿಡಿದಿಡಿ. ದೃಶ್ಯದ ಕೆಳಗೆ ಅದನ್ನೇ ಕಡಿಯದೆ ಹಾಸಿದರೆ ಎಗರಾಟ ಮುಚ್ಚಿಹೋಗುತ್ತದೆ.

ಪಲ್ಲವಿಚರಣ

ಹಾಡು ಹಾರಿಸಬೇಡಿ! ಹಾರಿಸಿದರೆ ಚಿತ್ರಕಥೆಯ ಅರ್ಧ ಹಾರಿಸಿದ ಹಾಗೆ.

ಮುಖ್ಯ ಹಾಡು ನಾಲ್ಕು, ಸಾಹಿತ್ಯ ವಯಲಾರ್ ರಾಮವರ್ಮ. ಸಲಿಲ್ ಚೌಧುರಿಗೆ ಇದು ಮೊದಲ ಮಲಯಾಳ ಚಿತ್ರ. ಕನ್ನಡದವರಿಗೆ ಅವರು ಬಾಲು ಮಹೇಂದ್ರರ ‘ಕೋಕಿಲ’ದಿಂದ (1977) ಪರಿಚಿತರು.

ಚಿತ್ರಕಥೆಯ ಪಾಠಕ್ಕೆ ಅತಿ ಮುಖ್ಯ ‘ಪೆಣ್ಣಾಳೇ ಪೆಣ್ಣಾಳೇ’. ಕಾದಂಬರಿಯಲ್ಲಿ ತಾಯಿ ಚಕ್ಕಿ ಮಗಳನ್ನು ಕೂರಿಸಿಕೊಂಡು ದಡದ ನಂಬಿಕೆ ಹೇಳುತ್ತಾಳೆ: ಕಡಲಿಗೆ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ನಡತೆಯಲ್ಲಿದೆ. ತೆರೆಯ ಮೇಲೆ ಇದನ್ನು ಮಾತಿನಲ್ಲೇ ಹೇಳಿಸಿದ್ದರೆ ಉಪದೇಶವಾಗುತ್ತಿತ್ತು. ವಯಲಾರ್ ಅದನ್ನು ಎರಡು ಚರಣಕ್ಕೆ ಇಳಿಸಿದರು. ಮುತ್ತಿಗೆ ಹೋದ ಮೀನುಗಾರ ಪಡುವಣ ಗಾಳಿಗೆ ಸಿಕ್ಕ. ಒಂದು ಚರಣದಲ್ಲಿ ಹೆಂಡತಿ ತಪಸ್ಸು ಕೂತಳು, ಕಡಲಮ್ಮ ಅವನನ್ನು ತಂದುಕೊಟ್ಟಳು. ಇನ್ನೊಂದರಲ್ಲಿ ಹೆಂಡತಿ ದಾರಿ ತಪ್ಪಿದಳು, ಕಡಲಮ್ಮ ಅವನನ್ನು ಕೊಂಡೊಯ್ದಳು. ಮಲಯಾಳದಲ್ಲಿ ‘ಕೊಂಡು ವನ್ನು’ ಮತ್ತು ‘ಕೊಂಡು ಪೋಯಿ’, ಅಷ್ಟೇ ವ್ಯತ್ಯಾಸ. ಕುಣಿಯುವ ಲಯ, ನಗುವ ಮುಖಗಳು, ಒಳಗೆ ಮರಣದಂಡನೆಯ ಕಾಯಿದೆ. ಪ್ರೇಕ್ಷಕ ತಾಳ ಹಾಕುತ್ತಲೇ ಕಾನೂನು ಬಾಯಿಪಾಠ ಮಾಡಿಕೊಂಡಿರುತ್ತಾನೆ.

‘ಪುತ್ತನ್ ವಲಕ್ಕಾರೇ’ ಗುಂಪಿನ ಹಾಡು, ಹೊಸ ಬಲೆಯವರನ್ನು ಕುರಿತದ್ದು. ಮೇಲೆ ಹೇಳಿದ ನೀಲಿ ಪೆನ್ಸಿಲ್ ಇಲ್ಲಿಗೆ. ‘ಕಡಲಿನಕ್ಕರೆ ಪೋಣೋರೇ’ ಯೇಸುದಾಸ್ ಕಂಠದಲ್ಲಿ, ಆಚೆ ದಡಕ್ಕೆ ಹೋಗುವವರನ್ನು ಹೋಗಿಬಂದಾಗ ಏನು ತರುವಿರಿ ಎಂದು ಕೇಳುವ ಹಾಡು.

‘ಮಾನಸ ಮೈನೇ ವರೂ’ ಪರೀಕುಟ್ಟಿಯದು. ಚಿತ್ರಕಥೆಯಲ್ಲಿ ಪರೀಕುಟ್ಟಿ ದೊಡ್ಡ ತಲೆನೋವಿನ ಪಾತ್ರ. ಕೊಡುತ್ತಾನೆ, ಕಾಯುತ್ತಾನೆ, ಸೋಲುತ್ತಾನೆ, ಹೋರಾಡುವುದೇ ಇಲ್ಲ. ಯಾವ ಕೈಪಿಡಿ ತೆಗೆದರೂ ‘ನಾಯಕ ಏನಾದರೂ ಮಾಡಬೇಕು’ ಎಂದಿರುತ್ತದೆ. ಇಲ್ಲಿ ಅವನು ಮಾಡುವ ಕೆಲಸವೇ ಹಾಡುವುದು. ಬೆಳದಿಂಗಳ ದಡದ ಆ ಹಾಡು ಕಾದಂಬರಿಯಲ್ಲೇ ಇದೆ, ಸಿನಿಮಾ ಅದಕ್ಕೆ ರಾಗ ಕೊಟ್ಟಿತು. ಅವನು ಬಾಗಿಲು ತಟ್ಟುವುದಿಲ್ಲ, ಅವನ ದನಿ ಗೋಡೆ ದಾಟುತ್ತದೆ. ಹಾಗಾಗಿ ಪರೀಕುಟ್ಟಿಯಾಗಿ ಮಧು ಅವರ ಅಭಿನಯ ಸಪ್ಪೆ ಅನ್ನುವವರು ಹಾಡನ್ನು ಅಭಿನಯದ ಲೆಕ್ಕಕ್ಕೆ ಸೇರಿಸದೆ ಹಾಗನ್ನುತ್ತಾರೆ ಎಂದೇ ನನ್ನ ಅಭಿಪ್ರಾಯ.

ಹಾಡಿದವರು ಮನ್ನಾ ಡೇ. ಅವರ ಹೆಂಡತಿ ಸುಲೋಚನಾ ಕೇರಳದವರು, ಆದರೂ ಗಂಡನ ಮಲಯಾಳದ ಉಚ್ಚಾರದಲ್ಲಿ ಬಂಗಾಳದ ಛಾಯೆ ಉಳಿದೇ ಇದೆ. ದಡದವನಲ್ಲದ ವ್ಯಾಪಾರಿಯ ಬಾಯಿಗೆ ಅದು ಹೊಂದಿಕೊಂಡಿತು ಅಂತಲೂ ಹೇಳಬಹುದು. ಮನ್ನಾ ಡೇ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2013ರಲ್ಲಿ ಅಲ್ಲೇ ತೀರಿಕೊಂಡರು.

ಮಾಡಬೇಕಾದ್ದು: ನಾಲ್ಕೂ ಹಾಡಿನ ಸಾರಾಂಶ ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಹಂಚಿ. ನಿಮ್ಮ ಪ್ರತಿಯಲ್ಲಿ ಹಾಡುಗಳಿಗೆ ಸಬ್‌ಟೈಟಲ್ ಇದೆಯೇ ಎಂದು ಹಿಂದಿನ ದಿನವೇ ಓಡಿಸಿ ನೋಡಿ, ಇಲ್ಲದಿದ್ದರೆ ಆ ಹಾಳೆಯೇ ಗತಿ. ‘ಪೆಣ್ಣಾಳೇ’ಯನ್ನು ಮೊದಲು ಚಿತ್ರವಿಲ್ಲದೆ ಕೇಳಿಸಿ, ಆಮೇಲೆ ಚಿತ್ರದೊಂದಿಗೆ. ಹೆಸರಿನ ಅರ್ಥ ಯಾರಾದರೂ ಕೇಳುತ್ತಾರೆ, ಹೇಳಿಬಿಡಿ: ಚೆಮ್ಮೀನ್ ಅಂದರೆ ಸಿಗಡಿ. ಮಲಯಾಳದ ‘ಚೆಂ’ ನಮ್ಮ ‘ಕೆಂ’, ಅಕ್ಷರಶಃ ಕೆಂಮೀನು.

ಪಡುಗಾಳಿ

ಮೇಲಿನವರೆಲ್ಲ ಚೆನ್ನಾಗಿ ಹೇಳಿದ್ದಾರೆ. ಒಂದು ಕಡೆ ಮಾತ್ರ ಕಾಲು ಜಾರುವ ಅಪಾಯ ಇದೆ. ಆ ನಂಬಿಕೆಯನ್ನು ‘ಮೀನುಗಾರರ ಸಂಸ್ಕೃತಿ’ ಎಂದು ಪಾಠ ಮಾಡಬೇಡಿ. ತಕಳಿ ಆ ದಡದ ಹತ್ತಿರದವರು, ಅಂಬಲಪ್ಪುಳದಲ್ಲಿ ವಕೀಲಿ ಮಾಡಿದವರು, ಆದರೆ ಮೀನುಗಾರರಲ್ಲ. ‘ತೋಟಿಯ ಮಗ’ (1947), ‘ರಂಡಿಡಂಗಳಿ’ (1948) ಬರೆದ ಕೈ ಇದು. ಕೂಲಿ ಮತ್ತು ಗೇಣಿಯ ಲೆಕ್ಕ ಗೊತ್ತಿದ್ದ ಬರಹಗಾರ ಈ ಸಲ ದಂತಕಥೆಯನ್ನು ಎತ್ತಿಕೊಂಡ. ಕಾದಂಬರಿಯನ್ನು ಜನಾಂಗ ಅಧ್ಯಯನ ಎಂದು ಓದಿದರೆ ಕಾದಂಬರಿಗೂ ಮೀನುಗಾರರಿಗೂ ಅನ್ಯಾಯ.

ಇದಕ್ಕಿಂತ ಚಿತ್ರಕಥೆಯ ಕಸುಬಿಗೆ ಸೇರಿದ ಪ್ರಶ್ನೆ ಬೇರೆ ಇದೆ: ಪಳನಿ ಯಾಕೆ ಸತ್ತ? ಹಾಡಿನ ಕಾಯಿದೆ ಪ್ರಕಾರ, ಹೆಂಡತಿ ದಡದಲ್ಲಿ ಇನ್ನೊಬ್ಬನನ್ನು ಸೇರಿದಳು, ಕಡಲಮ್ಮ ಕೊಂಡೊಯ್ದಳು. ಆದರೆ ಘಟನೆಗಳನ್ನು ಹಿಂದಿನಿಂದ ಜೋಡಿಸಿ ನೋಡಿ. ಊರಿನಲ್ಲಿ ಗುಸುಗುಸು. ಅವನ ಹೆಂಡತಿ ಸರಿಯಿಲ್ಲ, ಅವನೊಂದಿಗೆ ಹೋದರೆ ನಮಗೂ ಗಂಡಾಂತರ ಎಂದು ಜೊತೆಯವರು ದೋಣಿಗೆ ಸೇರಿಸುವುದಿಲ್ಲ. ಹೊಟ್ಟೆಪಾಡಿಗೆ ಅವನು ಒಂಟಿಯಾಗಿ ಸಣ್ಣ ದೋಣಿಯಲ್ಲಿ ಗಾಳ ಹಿಡಿದು ಹೋಗುತ್ತಾನೆ. ರಾತ್ರಿ ಗಾಳಕ್ಕೆ ದೊಡ್ಡ ಶಾರ್ಕ್ ಸಿಗುತ್ತದೆ. ಅದು ದೋಣಿಯನ್ನೇ ಎಳೆದುಕೊಂಡು ಹೋಗುವಾಗ ಒಬ್ಬ ಹುಟ್ಟು ಹಿಡಿಯಬೇಕು, ಇನ್ನೊಬ್ಬ ಹಗ್ಗ ಸಡಿಲಿಸುತ್ತಾ ಬಿಗಿಯುತ್ತಾ ಇರಬೇಕು. ಇಲ್ಲಿ ಎರಡನೆಯವನಿಲ್ಲ. ಸುಳಿಗೆ ಸಿಕ್ಕ. ಕೊಂದದ್ದು ಕಡಲಮ್ಮನೋ, ದೋಣಿಗೆ ಸೇರಿಸದ ಊರೋ?

ತಕಳಿ ಎರಡೂ ಕಾರಣವನ್ನು ಬಿಟ್ಟಿದ್ದಾರೆ, ಯಾವುದನ್ನೂ ಆರಿಸಿಲ್ಲ. ಸಿನಿಮಾಕ್ಕೆ ಈ ಸೌಲಭ್ಯ ಕಡಿಮೆ. ಇತ್ತ ದಡದಲ್ಲಿ ಇಬ್ಬರು, ಅತ್ತ ಕಡಲಲ್ಲಿ ಒಬ್ಬ ಎಂದು ಒಂದರ ಪಕ್ಕ ಒಂದು ಶಾಟ್ ಇಟ್ಟ ಕೂಡಲೇ ನೋಡುವವನ ತಲೆ ‘ಆದ್ದರಿಂದ’ ಎಂದು ಸೇರಿಸಿಕೊಳ್ಳುತ್ತದೆ. ಪಕ್ಕ ಇಟ್ಟರೆ ಕಾರಣವಾಗುತ್ತದೆ, ಸಂಕಲನದ ಗುಣವೇ ಅದು. ನಿಮ್ಮವರಿಗೆ ಇದೇ ಅಭ್ಯಾಸ ಕೊಡಿ: ಕೊನೆಯ ರಾತ್ರಿಯನ್ನು ಹತ್ತು ಚೀಟಿಯಲ್ಲಿ ಬರೆಯಲಿ, ದಡದ್ದು ಐದು, ಕಡಲಿನದು ಐದು. ಒಂದು ಗುಂಪು ಹೆಣೆದು ಜೋಡಿಸಲಿ. ಇನ್ನೊಂದು ಗುಂಪು ಕಡಲಿನ ಐದನ್ನೂ ಮೊದಲು, ದಡದ ಐದನ್ನೂ ಆಮೇಲೆ ಇಡಲಿ. ಮೂರನೆಯ ಗುಂಪು ನಡುವೆ ಒಂದೇ ಒಂದು ಹೊಸ ಚೀಟಿ ಸೇರಿಸಲಿ, ಖಾಲಿ ಬಿದ್ದ ಎರಡನೆಯ ಹುಟ್ಟು. ಮೂರು ಕಥೆಯ ನೀತಿ ಮೂರು ಬಗೆಯಾಗುತ್ತದೆ, ಒಂದು ಪದ ಸಂಭಾಷಣೆಯೂ ಬದಲಾಗದೆ.

ಕಾದಂಬರಿಯ ಅಂತ್ಯವನ್ನೂ ಗಮನಿಸಿ. ಅಪ್ಪಿಕೊಂಡ ಹೆಣ್ಣುಗಂಡಿನ ದೇಹ ಒಂದು ದಡಕ್ಕೆ ಬಂದು ಬೀಳುತ್ತದೆ. ದೂರದ ಚೆರಿಯಳಿಕ್ಕಲ್ ದಡಕ್ಕೆ ಗಾಳ ನುಂಗಿದ ಶಾರ್ಕ್. ಗಂಡನ ಸಾವನ್ನು ಮೀನಿನ ಬಾಯಲ್ಲಿರುವ ಗಾಳದಿಂದ ಹೇಳಿಸಿದ ಸಾಲು ಅದು. ಸಿನಿಮಾದ ಕೊನೆಯ ಶಾಟ್‌ಗಳನ್ನು ಇದರ ಎದುರು ಇಟ್ಟು ಯಾವುದು ಹೆಚ್ಚು ತೋರಿಸುತ್ತದೆ, ಯಾವುದು ಹೆಚ್ಚು ಮುಚ್ಚಿಡುತ್ತದೆ ಎಂದು ಚರ್ಚಿಸಿ.

ಸಮಯ ಉಳಿದರೆ ಕಾರ್ಯಾಟ್ ಅವರು ಪಿ. ಭಾಸ್ಕರನ್ ಜೊತೆ ಮಾಡಿದ ‘ನೀಲಕ್ಕುಯಿಲ್’ (1954) ನೋಡಿಸಿ. ಅಲ್ಲಿಯೂ ನಿಷಿದ್ಧ ಪ್ರೇಮವೇ, ಮೇಲ್ಜಾತಿಯ ಮೇಷ್ಟ್ರು ಮತ್ತು ದಲಿತ ಹುಡುಗಿ. ಮೇಷ್ಟ್ರಾಗಿ ಸತ್ಯನ್. ಹನ್ನೊಂದು ವರ್ಷದ ಮೇಲೆ ಅದೇ ಸತ್ಯನ್ ಪಳನಿ. ಅಲ್ಲಿ ಕೈಬಿಟ್ಟವನು, ಇಲ್ಲಿ ಊರೇ ಕೈಬಿಟ್ಟವನು.

ಓದುಗೂಡು

ಎಲ್ಲರಿಗೂ ಧನ್ಯವಾದ. ಚೀಟಿಯ ಅಭ್ಯಾಸ ಖಂಡಿತ ಮಾಡಿಸುತ್ತೇವೆ. ಇನ್ನು ಎರಡು ಸಂದೇಹ. ಎರಡನೇ ದಿನ ಇದೇ ಕಥೆಯನ್ನು ನಮ್ಮ ಕರಾವಳಿಗೆ, ಮಲ್ಪೆ ಕಡೆಗೆ ಇಳಿಸಿ ಬರೆಯಿರಿ ಎಂದರೆ ಹೇಗೆ? ಹಾಗೆ ಬರೆದದ್ದರಲ್ಲಿ ಚೆನ್ನಾಗಿರುವುದನ್ನು ಕಿರುಚಿತ್ರ ಮಾಡಬಹುದೇ, ಹಕ್ಕಿನ ತೊಂದರೆ ಬರುತ್ತದೆಯೇ?

ಪಡುಗಾಳಿ

ಇಳಿಸಬಹುದು, ಆದರೆ ಕಡಲಮ್ಮನನ್ನು ಎತ್ತಿ ತಂದು ಮಲ್ಪೆಯಲ್ಲಿ ಕೂರಿಸಬೇಡಿ. ಅಲ್ಲಿಯ ಮೀನುಗಾರ ಮೊಗವೀರರದು ಅಳಿಯಸಂತಾನದ ಹಿನ್ನೆಲೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿ. ಅಪ್ಪನ ದೋಣಿ, ಅಪ್ಪನ ಸಾಲ, ಮಗಳ ಮದುವೆ ಅನ್ನುವ ಸರಪಳಿ ಅಲ್ಲಿ ಹಾಗೆಯೇ ಕೂರುವುದಿಲ್ಲ. ಸಾಲ ಎತ್ತುವವನು ಸೋದರಮಾವನಾಗಬೇಕೇನೋ, ಆಗ ತಾಯಿಯ ಮಾತಿನ ತೂಕ ಬೇರೆಯಾಗುತ್ತದೆ. ಅಲ್ಲಿಯ ಕಡಲ ದೈವ ಬೊಬ್ಬರ್ಯ. ಪಾಡ್ದನದ (ತುಳು ಕಥನಗೀತೆ) ಪ್ರಕಾರ ಅವನ ಮೂಲವೇ ಮುಸ್ಲಿಂ ವ್ಯಾಪಾರಿಯ ಮನೆಯದು. ಪರೀಕುಟ್ಟಿಯ ಕಥೆಯನ್ನು ಇಂಥ ದೈವ ಕಾಯುವ ದಡಕ್ಕೆ ತಂದರೆ ಬೇಲಿ ಎಲ್ಲಿ ಬೀಳುತ್ತದೆ ಎಂದು ಹೊಸದಾಗಿ ಯೋಚಿಸಬೇಕಾಗುತ್ತದೆ. ಅಭ್ಯಾಸದ ಮಜಾ ಇರುವುದೇ ಅಲ್ಲಿ.

ಕಥೆ ಇಂದಿನದಾದರೆ ಟ್ರಾಲರ್ ವಾರಗಟ್ಟಲೆ ಹೊರಗಿರುತ್ತದೆ, ವೈರ್‌ಲೆಸ್ ಇದೆ, ಜಿಪಿಎಸ್ ಇದೆ. ದಡದಲ್ಲಿ ನಿಂತು ಕಾಯುವ ಹೆಂಡತಿಯ ಚಿತ್ರ ಸುಳ್ಳಾಗುತ್ತದೆ. ಪಳನಿಯ ಒಂಟಿತನಕ್ಕೆ ನಿಜವಾದ ಜಾಗ ಬೇಕಿದ್ದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದ ಕಾಲ ನೋಡಿ. ಯಾಂತ್ರಿಕ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಮುಂಗಾರಿನ ಕಡಲು, ಸಣ್ಣ ದೋಣಿ, ಯಾರೂ ಜೊತೆಗೆ ಬಾರದ ಒಬ್ಬ.

ಕರಡುಪ್ರತಿ

ಬರವಣಿಗೆಗೆ ಒಂದು ಕಟ್ಟುಪಾಡು ಹಾಕಿ. ಮೊದಲ ಸಂಭಾಷಣೆಯ ದೃಶ್ಯ ಒಂದೂವರೆ ಪುಟ ಮೀರಬಾರದು, ಪುಟಕ್ಕೆ ನಿಮಿಷ ಲೆಕ್ಕ. ಮಾತು ಹನ್ನೆರಡು ಸಾಲು. ‘ಪ್ರೀತಿ’, ‘ಜಾತಿ’, ‘ಧರ್ಮ’ ಈ ಮೂರು ಪದ ನಿಷೇಧ. ಹಿನ್ನೆಲೆ ನಿರೂಪಣೆಯೂ ಇಲ್ಲ. ಕಾದಂಬರಿಯಿಂದ ಇಳಿಸುವಾಗ ಎಲ್ಲರೂ ಮೊದಲು ಓಡುವುದು ಅದರ ಹಿಂದೆಯೇ. ಬೆಲೆ, ತೂಕ, ಬಾಕಿ, ಇಷ್ಟರಲ್ಲೇ ಇಬ್ಬರ ನಡುವೆ ಏನಿದೆ ಅನ್ನುವುದು ಗೊತ್ತಾಗಬೇಕು.

ಹಕ್ಕಿನ ವಿಷಯದಲ್ಲಿ ಎಡವುವುದು ಸುಲಭ. ಸಾಹಿತ್ಯ ಕೃತಿಗೆ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ತಕಳಿ ತೀರಿಕೊಂಡದ್ದು 1999ರಲ್ಲಿ, ಕಾದಂಬರಿಯ ಹಕ್ಕು 2059ರ ಕೊನೆಯವರೆಗೆ. ಸಿನಿಮಾಕ್ಕೆ ಬಿಡುಗಡೆಯ ಮುಂದಿನ ವರ್ಷದಿಂದ 60, ಅಂದರೆ 2025ರ ಕೊನೆಗೆ ಮುಗಿಯುವ ಲೆಕ್ಕ. ಇದನ್ನು ಓದಿ ‘ಚೆಮ್ಮೀನ್ ಎಲ್ಲರದಾಯಿತು’ ಅಂದುಕೊಳ್ಳುವವರಿದ್ದಾರೆ. ಆಗಿಲ್ಲ. ಅದರೊಳಗಿನ ಕಥೆಯ ಹಕ್ಕು ಮೇಲೆ ಹೇಳಿದ ಹಾಗೆ 2059ರವರೆಗೆ. ವಯಲಾರ್ ತೀರಿದ್ದು 1975, ಸಾಹಿತ್ಯಕ್ಕೆ 2035ರವರೆಗೆ. ಸಲಿಲ್ ಚೌಧುರಿ 1995, ಸಂಗೀತಕ್ಕೆ 2055ರವರೆಗೆ. ಕಮ್ಮಟದೊಳಗಿನ ಅಭ್ಯಾಸದ ಬರಹ ಒಂದು ಮಾತು, ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಹಾಕುವುದು ಇನ್ನೊಂದು. ಪಾತ್ರಗಳ ಹೆಸರು, ಘಟನೆಗಳ ಸಾಲು ಉಳಿಸಿಕೊಂಡಿದ್ದರೆ ಬರಹದಲ್ಲೇ ಅನುಮತಿ ಬೇಕು. ಸಾಲಗಾರ, ದೋಣಿ, ದಡದ ಗುಸುಗುಸು ಇವು ಯಾರ ಸ್ವತ್ತೂ ಅಲ್ಲ, ಪಡುಗಾಳಿಯವರು ಹೇಳಿದ ನಿಷೇಧಕಾಲದ ನಾಡದೋಣಿಯಿಂದ ಹೊಸದಾಗಿ ಶುರು ಮಾಡಿದರೆ ಆ ಪತ್ರ ಬರೆಯುವ ಕೆಲಸವೇ ಬೀಳುವುದಿಲ್ಲ.

ಬೆಳಕುತೂಗು

ಹಾಗೆ ಚಿತ್ರೀಕರಿಸುವುದಾದರೆ ಮಳೆಗಾಲದ ಮೋಡ ಕವಿದ ಬೆಳಕಿನಲ್ಲಿ ನೆರಳೇ ಬೀಳುವುದಿಲ್ಲ, ಹಗಲಲ್ಲಿ ರಾತ್ರಿ ತೆಗೆಯಲು ಬೇಕಾದ ಎದುರುಬೆಳಕು ಸಿಗುವುದಿಲ್ಲ. ಕ್ಯಾಮೆರಾಗೆ ಮಳೆಚೀಲ, ಪ್ರತಿ ಶಾಟ್ ಆದ ಮೇಲೆ ಲೆನ್ಸಿನ ಮೇಲಿನ ಉಪ್ಪುನೀರಿನ ತುಂತುರು ಒರೆಸಲು ಒದ್ದೆ ಬಟ್ಟೆ ಮೊದಲು, ಒಣ ಬಟ್ಟೆ ಆಮೇಲೆ. ಒಣ ಬಟ್ಟೆಯಲ್ಲೇ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ದೋಣಿ ಹತ್ತಿಸಬೇಡಿ, ಪಳನಿಯ ಪಾತ್ರಧಾರಿಗೂ ಅಂಗಿಯ ಒಳಗೆ ಒಂದಿರಲಿ.